ವೀರಗಲ್ಲಿನಲ್ಲಿಲ್ಲದ ಗಾಯ: ಮಿದುಳಿನ ಪೆಟ್ಟನ್ನು ಕುರಿತು

ವೀರಗಲ್ಲುಗಳನ್ನು ಓದುವುದು ನಮ್ಮ ವೃತ್ತಿಯ ಒಂದು ಭಾಗ. ತುರುಗಳನ್ನು ಮರಳಿಸಿ ಮಡಿದವನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯವು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಅದೇ ಕಾಳಗದಲ್ಲಿ ತಲೆಗೆ ಪೆಟ್ಟು ತಿಂದು, ಸಾಯದೆ ಮನೆಗೆ ಮರಳಿ, ಮೊದಲಿನವನಾಗಿ ಉಳಿಯದೆ ಬಾಳಿದವನಿಗೆ ನೆಟ್ಟ ಕಲ್ಲನ್ನು ನಾವು ಈವರೆಗೆ ಕಂಡಿಲ್ಲ. ಈ ಮೌನವು ಇಂದಿಗೂ ಮುರಿದಿಲ್ಲವೆಂಬುದೇ ಪ್ರಸ್ತುತ ಲೇಖನಕ್ಕೆ ಕಾರಣ.

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಯುಂಟು. ಆ ಮನೆಯ ಮಗನು ಒಂದು ರಾತ್ರಿ ಮೋಟಾರು ಸೈಕಲಿನಿಂದ ಬಿದ್ದನು. ಹೊಲಿಗೆ ಹಾಕಿದ ಗಾಯವು ತಿಂಗಳೊಳಗೆ ಮಾಯ್ದಿತು. ಪಾರಾದನೆಂದು ಊರವರು ನಿಟ್ಟುಸಿರುಬಿಟ್ಟರು. ಆಮೇಲೆ ಗದ್ದೆಗೆ ನೀರು ಕಟ್ಟಲು ಹೋದವನು ಮಡೆ ತೆರೆದುದನ್ನೇ ಮರೆಯತೊಡಗಿದನು. ಮಿತಭಾಷಿಯಾಗಿದ್ದವನು ಸಣ್ಣ ಮಾತಿಗೂ ತಟ್ಟೆ ಎಸೆಯತೊಡಗಿದನು. ಕೆಲವರು ಸೋಮಾರಿಯೆಂದರು, ಕೆಲವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. "ಜೀವ ಬಂತ್ರೀ ಮೇಷ್ಟ್ರೇ, ನಮ್ಮ ಹುಡುಗ ಬರಲಿಲ್ಲ" ಎಂದು ಅವನ ತಾಯಿ ನಮ್ಮೊಡನೆ ಹೇಳಿದರು.

ಆ ತಾಯಿಯ ಮಾತಿಗೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಸಾಕ್ಷ್ಯವಿದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನೆತ್ತಿಗೆ ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಅವನು ಬದುಕಿದನು, ಆದರೆ ಗೆಳೆಯರಿಗೆ ಅವನು ಹಿಂದಿನ ಗೇಜ್ ಆಗಿ ತೋರಲಿಲ್ಲವೆಂದು ವೈದ್ಯ ಜಾನ್ ಹಾರ್ಲೋ 1868ರಲ್ಲಿ ವರದಿ ಮಾಡಿದನು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಇದು ಅನ್ಯಾಯವೆಂದು ನಮ್ಮ ಅಭಿಪ್ರಾಯ; ಏಕೆಂದರೆ ಗೇಜ್ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಗಾಡಿ ನಡೆಸಿದನು. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸವು ಅವನಿಗೆ ನೆರವಾಗಿರಬೇಕು.

ಮಿದುಳು ಮೃದುವಾದ ಅಂಗ; ತಲೆಬುರುಡೆಯೊಳಗೆ ದ್ರವದ ನಡುವೆ ಇರುತ್ತದೆ. ವೇಗವಾಗಿ ಸಾಗುವ ದೇಹವು ಥಟ್ಟನೆ ತಡೆಯಲ್ಪಟ್ಟಾಗ ಅದು ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ನರತಂತುಗಳು ಜಗ್ಗಿ ಹರಿಯುವುದೂ ಉಂಟು. ಇಂತಹ ಸೂಕ್ಷ್ಮ ಹಾನಿಯು ಸಿ.ಟಿ. ಸ್ಕ್ಯಾನಿನಲ್ಲಿ ಕಾಣದಿರಬಹುದು. ಹಣೆಯ ಹಿಂದಿನ ಭಾಗವು ನೊಂದರೆ ತಾಳ್ಮೆ, ಮುಂದಾಲೋಚನೆಗಳು ಕುಗ್ಗುತ್ತವೆ. ಜನರು ಇದನ್ನು ಗುಣದೋಷವೆಂದು ತಿಳಿಯುತ್ತಾರೆ. ಮನಸ್ಸಿನ ವೈದ್ಯವೂ ನರಗಳ ವೈದ್ಯವೂ ಜೊತೆಗೂಡಬೇಕಾದ ಅಗತ್ಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಉದಾಹರಣೆ: 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಅದು ರೂಪುಗೊಂಡಿತು.

ಬಿದ್ದವನು ಎದ್ದು ಮಾತನಾಡಿದರೆ ಅಪಾಯ ಕಳೆಯಿತೆಂದು ಭಾವಿಸಲಾಗದು. ಬುರುಡೆಯೊಳಗೆ ರಕ್ತ ಶೇಖರವಾಗುತ್ತಿದ್ದರೆ ಕೆಲವು ಗಂಟೆಗಳ ಅನಂತರ ಸ್ಥಿತಿ ಕೆಡಬಹುದು. ಮೇಲಿಂದ ಮೇಲೆ ವಾಂತಿ, ಏರುವ ತಲೆನೋವು, ಎಬ್ಬಿಸಲಾಗದ ಮಂಪರು, ಅಪಸ್ಮಾರ, ಕಿವಿ-ಮೂಗುಗಳಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕುವುದೂ, ಕತ್ತನ್ನು ತಿರುಚಿ ಎತ್ತುವುದೂ ಕೂಡದು. ಪೊಲೀಸರ ಭಯದಿಂದ ದೂರ ಸರಿಯುವವರು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಲಾದ 134-ಎ ಕಲಮನ್ನು ತಿಳಿದಿರಬೇಕು. ಅದು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿಯದಿದ್ದರೆ ಅದು ಬೀಳುವಾಗಲೇ ಕಳಚಿಹೋಗುತ್ತದೆಂಬುದನ್ನೂ ಇಲ್ಲಿ ಹೇಳಬೇಕು.

ಕಡರನಾಯಕನಹಳ್ಳಿಯ ಆ ಮನೆಯ ಬಾಗಿಲ ಬಳಿ ಈಗ ಒಂದು ಕರಿಹಲಗೆ ತೂಗುತ್ತದೆ. ದಿನದ ಕೆಲಸಗಳನ್ನು ತಂಗಿ ಅದರ ಮೇಲೆ ಬರೆಯುತ್ತಾಳೆ. ಮುಗಿದಂತೆಲ್ಲ ಅಣ್ಣನು ಅಳಿಸುತ್ತಾನೆ. ಮಡೆಯ ಸಾಲು ಕೆಲವು ದಿನ ಹಾಗೆಯೇ ಉಳಿದಿರುತ್ತದೆ. ಅಂದು ತಂದೆ ಹೋಗಿ ಮುಚ್ಚಿ ಬರುತ್ತಾರೆ.