'ಬೇಡ' ಎನ್ನುವುದೂ 'ಹೇಳಿಲ್ಲ' ಎನ್ನುವುದೂ ಒಂದಲ್ಲ

ಯಾವುದೇ ಪಿಎನ್‌ಜಿ ಚಿತ್ರ ತೆಗೆದುಕೊಳ್ಳಿ, ಅದರ ಮೊದಲ ಎಂಟು ಬೈಟ್‌ಗಳು ಒಂದೇ: 137, 80, 78, 71, 13, 10, 26, 10. ನಡುವಿನ 13 ಮತ್ತು 10ರ ಜೋಡಿಯನ್ನು ಬೇಕೆಂದೇ ಇಟ್ಟಿದ್ದಾರೆ. ವಿಂಡೋಸ್‌ನಲ್ಲಿ ಸಾಲು ಮುಗಿಯಿತೆಂದು ಗುರುತಿಸುವುದು ಇದೇ ಜೋಡಿ. ಲಿನಕ್ಸ್‌ಗೆ ಬರೀ 10 ಸಾಕು. ಚಿತ್ರವನ್ನು ಪಠ್ಯವೆಂದು ತಿಳಿದು ಯಾವುದಾದರೂ ತಂತ್ರಾಂಶ ಸಾಲಿನ ಕೊನೆ ತಿದ್ದಿದರೆ 13 ಉದುರಿಹೋಗುತ್ತದೆ, ಕಡತ ಕೆಟ್ಟಿದ್ದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಬರೆದ, ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶ ಇಂಥ ತಿದ್ದುಪಡಿಯನ್ನು ತಾನೇ ಮಾಡಬಲ್ಲದು. ಯಾವ ಕಡತಕ್ಕೆ ಮಾಡಬೇಕು, ಯಾವುದಕ್ಕೆ ಕೂಡದು ಎಂದು ಬರೆದಿಡುವ ಜಾಗವೇ 'ಗಿಟ್‌ಆಟ್ರಿಬ್ಯೂಟ್ಸ್' ಎಂಬ ಪುಟ್ಟ ಕಡತ. ಸಾಲಿನ ಮೊದಲಿಗೆ ಕಡತದ ಹೆಸರಿನ ಮಾದರಿ, ಆಮೇಲೆ ಅದರ ಗುಣ.

ತೊಡಕಿರುವುದು ಗುಣ ಬರೆಯುವ ರೀತಿಯಲ್ಲಿ. 'ಟೆಕ್ಸ್ಟ್' ಎಂದರೆ ಇದು ಪಠ್ಯ, ಸಾಲಿನ ಕೊನೆಗಳನ್ನು ಸರಿಪಡಿಸು. 'ಟೆಕ್ಸ್ಟ್=ಆಟೋ' ಎಂದರೆ ನೀನೇ ನೋಡಿ ತೀರ್ಮಾನಿಸು. '-ಟೆಕ್ಸ್ಟ್' ಎಂದರೆ ಮುಟ್ಟಲೇಬೇಡ. '!ಟೆಕ್ಸ್ಟ್' ಬರೆದರೆ? ಪ್ರೋಗ್ರಾಮಿಂಗ್ ಕಲಿತವರಿಗೆ ಆಶ್ಚರ್ಯಸೂಚಕ ಚಿಹ್ನೆ ಕಂಡರೆ 'ಅಲ್ಲ' ಎಂದೇ ಅನ್ನಿಸುತ್ತದೆ. ಇಲ್ಲಿ ಅದರ ಅರ್ಥ ಬೇರೆ: ಈ ಗುಣದ ಬಗ್ಗೆ ಮೇಲೆ ಏನೇ ಹೇಳಿದ್ದರೂ ಹೇಳಿಯೇ ಇಲ್ಲವೆಂದು ತಿಳಿ. ಆಗ ಗಿಟ್ ಆಯಾ ಕಂಪ್ಯೂಟರ್‌ನ 'ಆಟೋಸಿಆರ್‌ಎಲ್‌ಎಫ್' ಸೆಟ್ಟಿಂಗ್ ನೋಡಿಕೊಂಡು ನಡೆಯುತ್ತದೆ. ಅದು ಒಬ್ಬೊಬ್ಬರ ಬಳಿ ಒಂದೊಂದು ಥರ ಇರಬಹುದು. ಒಂದು ಅಕ್ಷರವನ್ನೂ ಬದಲಿಸದ ಕಡತದಲ್ಲಿ ಎಲ್ಲ ಸಾಲುಗಳೂ ಬದಲಾದಂತೆ ಕಾಣುವ ಕಾಟಕ್ಕೆ ಇಂಥ ಅನಿಶ್ಚಿತತೆಯೇ ಒಂದು ಕಾರಣ.

ಕೈಪಿಡಿಯ ಒಂದು ವಾಕ್ಯಕ್ಕೆ ಎಷ್ಟು ಬೆಲೆಯಿದೆ ಎಂಬುದು ಇಲ್ಲಿ ತಿಳಿಯುತ್ತದೆ. 2016ರಲ್ಲಿ ಬಂದ ಗಿಟ್‌ನ 2.10ನೇ ಆವೃತ್ತಿಗಿಂತ ಮೊದಲು, 'ಟೆಕ್ಸ್ಟ್=ಆಟೋ' ಪಕ್ಕದಲ್ಲಿ ಸಾಲಿನ ಕೊನೆ ಯಾವ ಬಗೆಯದಿರಬೇಕೆಂದು ಹೇಳುವ 'ಇಒಎಲ್' ಗುಣ ಸೇರಿಸಿದರೆ ಆಟೋ ಲೆಕ್ಕಕ್ಕೇ ಬರುತ್ತಿರಲಿಲ್ಲ; ಚಿತ್ರಗಳನ್ನೂ ಪಠ್ಯವೆಂದೇ ಎಣಿಸಲಾಗುತ್ತಿತ್ತು. ಈಗ ಹಾಗಿಲ್ಲ. ಆವೃತ್ತಿ ನಮೂದಿಸದ ಸಲಹೆ ಅಂದಿನದೋ ಇಂದಿನದೋ ಓದುವವರಿಗೆ ಹೇಗೆ ಗೊತ್ತಾಗಬೇಕು? ಕೈಪಿಡಿ ಬರೆಯುವವರು ನಿಯಮ ಹೇಳಿದರೆ ಸಾಲದು, ಏನೂ ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ನನ್ನ ಮಟ್ಟಿಗೆ ಇದು ಕೋಡ್ ಬರೆಯುವಷ್ಟೇ ಹೊಣೆಯ ಕೆಲಸ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಅನುಮಾನವಿದ್ದರೆ 'ಗಿಟ್ ಚೆಕ್-ಆಟ್ರ್' ಆದೇಶಕ್ಕೆ '-ಎ' ಮತ್ತು ಕಡತದ ಹೆಸರು ಸೇರಿಸಿ ನೋಡಿ. ಆ ಕಡತಕ್ಕೆ ಯಾವ ಯಾವ ಗುಣ ಅನ್ವಯಿಸುತ್ತಿದೆ ಎಂದು ಗಿಟ್ ತಾನೇ ಪಟ್ಟಿ ಕೊಡುತ್ತದೆ.