ಕಾಂಡ್ಲಾ ನೆಡುವ ಮುನ್ನ: ತೀರದ ಸಸ್ಯಗಳ ಬಗೆಗಿನ ತಪ್ಪು ಕಲ್ಪನೆಗಳು

ಕರಾವಳಿಯ ಎನ್ನೆಸ್ಸೆಸ್ ಘಟಕಗಳು ಮತ್ತು ಶಾಲೆಗಳ ಇಕೋ ಕ್ಲಬ್‌ಗಳು ನಡೆಸುವ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಕಾರ್ಯಕ್ರಮಗಳ ಹಿಂದೆ ಒಂದು ನಂಬಿಕೆ ಬಲವಾಗಿದೆ: ದಂಡೆಯುದ್ದಕ್ಕೂ ಕಾಂಡ್ಲಾ ಬೆಳೆಸಿದರೆ ಕಡಲ್ಕೊರೆತ ನಿಲ್ಲುತ್ತದೆ. ಇದರಲ್ಲಿ ನಿಜ ಅರ್ಧದಷ್ಟೇ. ಕಾಂಡ್ಲಾ ಕಾಡು ನೀರಿನ ರಭಸ ತಗ್ಗಿಸುತ್ತದೆ, ಬೇರುಗಳ ನಡುವೆ ಹೂಳನ್ನು ಹಿಡಿದಿಡುತ್ತದೆ. ಆದರೆ ಅದರ ನೆಲೆ ಅಳಿವೆ ಮತ್ತು ಹಿನ್ನೀರಿನ ಕೆಸರು. ಅಲೆ ನೇರವಾಗಿ ಬಡಿಯುವ ಮರಳು ದಂಡೆಯಲ್ಲಿ ಎಳೆಯ ಗಿಡ ಬೇರು ಬಿಡುವ ಮೊದಲೇ ಕಿತ್ತುಹೋಗುತ್ತದೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯಂಥ ನದಿಗಳ ಕೊನೆಯ ಹರಿವಿನಲ್ಲಿ ಕಾಂಡ್ಲಾ ಸೊಂಪಾಗಿ ಬೆಳೆಯುತ್ತದೆ. ಉಳ್ಳಾಲದ ತೆರೆದ ಕಡಲಿಗೆ ಅದು ಮದ್ದಲ್ಲ. 2021ರ ಭಾರತ ಅರಣ್ಯ ಸ್ಥಿತಿ ವರದಿ ಕರ್ನಾಟಕದಲ್ಲಿ ಗುರುತಿಸಿದ ಕಾಂಡ್ಲಾ ಪ್ರದೇಶ 13 ಚದರ ಕಿಲೋಮೀಟರ್ ಮಾತ್ರ.

ಅಳಿವೆಯೊಳಗೂ ಎಲ್ಲೆಂದರಲ್ಲಿ ನೆಡುವಂತಿಲ್ಲ. ಇಳಿತದಲ್ಲಿ ಬಯಲಾಗುವ ಕೆಸರು ನೆಲ ಖಾಲಿ ಬಿದ್ದ ಜಾಗ ಎಂಬುದು ಎರಡನೇ ತಪ್ಪು ಕಲ್ಪನೆ. 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಂಥ ನೆಲವೇ ಬಳಚು ಎಂಬ ಚಿಪ್ಪುಜೀವಿಯ ತಾಣ. ನೀರು ಇಳಿದಾಗ ಜನ ಬುಟ್ಟಿ ಹಿಡಿದು ಬಂದು ಬಳಚು ಆಯುತ್ತಾರೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಅಲ್ಲೇ ಮೇಯುತ್ತವೆ. ಅಲ್ಲಿ ಕಾಂಡ್ಲಾ ಊರಿದರೆ ಇದ್ದ ಬದುಕಿಗೂ ಕುತ್ತು, ಗಿಡಕ್ಕೂ ಉಳಿವಿಲ್ಲ. ಕಾರಣ ಸರಳ: ಸರಾಸರಿ ಸಮುದ್ರ ಮಟ್ಟಕ್ಕಿಂತ ತಗ್ಗಿನ ಕೆಸರು ದಿನದ ಬಹುಪಾಲು ನೀರಿನಡಿ ಇರುತ್ತದೆ. ಕಾಂಡ್ಲಾ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ, ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬೇಗ ಗಾಳಿಗೆ ತೆರೆದುಕೊಳ್ಳುವ ಪಟ್ಟಿಯಲ್ಲಿ ಬೆಳೆಯುತ್ತದೆ. ಫೋಟೊಗೆ ಒಗ್ಗುವ ಜಾಗ ಗಿಡಕ್ಕೂ ಒಗ್ಗುವುದು ಅಪರೂಪ.

ಇದಕ್ಕೆ ಶ್ರೀಲಂಕಾದ ಅನುಭವವೇ ಸಾಕ್ಷಿ. 2004ರ ಸುನಾಮಿಯ ಬಳಿಕ ಅಲ್ಲಿ ಸಾವಿರಕ್ಕೂ ಹೆಚ್ಚು ಹೆಕ್ಟೇರ್‌ನಲ್ಲಿ ಕಾಂಡ್ಲಾ ನೆಡಲಾಯಿತು. ಮುಂದೆ ಸಂಶೋಧಕರು 23 ತಾಣಗಳನ್ನು ಪರಿಶೀಲಿಸಿದಾಗ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಜಾಗದ ಎತ್ತರ ಮತ್ತು ನೀರಿನ ಉಪ್ಪಿನಂಶವನ್ನು ನೋಡದೆ ನೆಟ್ಟದ್ದು, ನೆಟ್ಟ ಮೇಲೆ ಆರೈಕೆ ಮಾಡದ್ದು ಮುಖ್ಯ ಕಾರಣಗಳು. ನೆಟ್ಟ ಗಿಡಗಳ ಸಂಖ್ಯೆಯನ್ನೇ ಸಾಧನೆ ಎಂದು ಬರೆದುಕೊಳ್ಳುವ ವರದಿಗಳಲ್ಲಿ ಇಂಥ ಸೋಲು ಕಾಣುವುದೇ ಇಲ್ಲ. ಎಷ್ಟೋ ಕಡೆ ನೆಡುವ ಅಗತ್ಯವೂ ಇರುವುದಿಲ್ಲ. ಕಟ್ಟೆ ಅಥವಾ ರಸ್ತೆ ಉಬ್ಬರದ ನೀರನ್ನು ತಡೆದಿದ್ದರೆ, ಅಲ್ಲೊಂದು ಮೋರಿ ತೆರೆದು ಹರಿವು ಮರಳಿಸಿದರೆ ಸಾಕು. ಹತ್ತಿರದಲ್ಲಿ ತಾಯಿಮರಗಳಿದ್ದರೆ ಸಸಿಗಳು ತೇಲಿಬಂದು ತಾವೇ ನೆಲೆಯೂರುತ್ತವೆ.

ನೆಡಲೇಬೇಕಾದಲ್ಲಿ ಕೆಲಸದ ವಿವರ ತಿಳಿದಿರಬೇಕು. ರೈಜೋಫೋರಾ ಜಾತಿಯ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತು ಬೀಳುತ್ತದೆ. ಕಾಯಿಯ ಟೊಪ್ಪಿಗೆಗೂ ಈ ಕೋಲಿನಂಥ ಮೊಳಕೆಗೂ ನಡುವಿನ ಪಟ್ಟಿ ಹಳದಿಗೆ ತಿರುಗಿದಾಗ ಅದು ಬಲಿತಿದೆ ಎಂದರ್ಥ. ಹಸಿರಾಗಿರುವಾಗಲೇ ಕೊಯ್ದು ಟೊಪ್ಪಿಗೆಯನ್ನು ಬಲವಂತವಾಗಿ ಎಳೆದರೆ ಒಳಗಿನ ಎಳೆ ಚಿಗುರು ಮುರಿಯುತ್ತದೆ. ಚೂಪಾದ ತುದಿ ಕೆಳಗೆ ಬರುವಂತೆ ಹಿಡಿದು, ಸುಮಾರು ಮೂರನೇ ಒಂದು ಭಾಗವನ್ನು ಕೆಸರಿಗೆ ಊರಬೇಕು. ಕಾಂಡ್ಲಾ ಬದುಕಲು ಉಪ್ಪುನೀರೇ ಬೇಕು ಎಂಬ ನಂಬಿಕೆಯೂ ಸರಿಯಲ್ಲ. ಅದು ಉಪ್ಪನ್ನು ತಾಳಿಕೊಳ್ಳುತ್ತದೆ, ಅಷ್ಟೇ. ಎಳೆಯ ಸಸಿಗೆ ಮಳೆಗಾಲದ ಸಪ್ಪೆ ಬೆರೆತ ನೀರು ಹಿತ.

ತೆರೆದ ಮರಳು ದಂಡೆಯ ಕಥೆ ಬೇರೆ. ಅಲ್ಲಿ ಗಾಳಿಮರದ ಸಾಲು ನೆಟ್ಟರೆ ತೀರ ಭದ್ರ ಎಂಬುದು ಹಳೆಯ ನಂಬಿಕೆ. 19ನೇ ಶತಮಾನದಲ್ಲಿ ಕಾರವಾರದ ಕಡೆ ಗಾಳಿಮರದ ತೋಪುಗಳನ್ನು ಬೆಳೆಸಲಾಯಿತು; ಈ ತೀರಕ್ಕೆ ಅದು ಹೊರಗಿನ ಮರ. ಗಾಳಿ ತಡೆಯುತ್ತದೆ ನಿಜ. ಆದರೆ ಉದುರಿದ ಸೂಜಿಯಂಥ ಕಡ್ಡಿಗಳು ದಪ್ಪಗೆ ಹಾಸಿಕೊಂಡು ಅದರಡಿ ಸ್ಥಳೀಯ ಗಿಡ ಮೇಲೇಳುವುದು ಕಷ್ಟ, ಅಲೆ ಬುಡ ಕೊರೆದಾಗ ಮರ ಉರುಳುತ್ತದೆ. ಅಲೆಯಂಚಿಗೆ ತೀರ ಹತ್ತಿರ ನೆಟ್ಟರೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳಿಗೂ ಅಡ್ಡಿ.

ಮರಳನ್ನು ಹಿಡಿಯುವವು ಕಳೆಯೆಂದು ಕಿತ್ತೆಸೆಯಲಾಗುವ ಸಸ್ಯಗಳೇ. ನೇರಳೆ ಹೂವಿನ ಅಡುಂಬು ಬಳ್ಳಿ ಗೆಣ್ಣುಗಳಲ್ಲಿ ಬೇರು ಬಿಡುತ್ತ ಹರಡುತ್ತದೆ. ಮೇಲೆ ಮರಳು ಬಿದ್ದಷ್ಟೂ ಮತ್ತೆ ಮೇಲೆದ್ದು ದಿಬ್ಬವನ್ನು ಬೆಳೆಸುತ್ತದೆ. ಅದರ ಜೊತೆಗೆ ಮುಳ್ಳುಹುಲ್ಲು ರಾವಣನ ಮೀಸೆ, ಹಿಂದಿನ ಸಾಲಿನಲ್ಲಿ ಕೇದಗೆ, ಸುರಹೊನ್ನೆ, ಹೊಂಗೆ. ಮಳೆಗಾಲದ ಅಲೆ ದಂಡೆಯ ಮರಳನ್ನು ಒಯ್ಯುತ್ತದೆ, ಕಡಲು ಶಾಂತವಾದ ಮೇಲೆ ಬಹುಪಾಲು ಮರಳುತ್ತದೆ. ದಿಬ್ಬ ಈ ಕೊಡುಕೊಳ್ಳುವಿಕೆಯ ದಾಸ್ತಾನು. ಹೀಗಾಗಿಯೇ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮರಳು ದಿಬ್ಬಗಳನ್ನು ಕಾಂಡ್ಲಾ ಜೊತೆಗೇ ಅತಿ ಸೂಕ್ಷ್ಮ ಪ್ರದೇಶಗಳ ಸಾಲಿನಲ್ಲಿರಿಸಿದೆ. ಬೀಚ್ ಸ್ವಚ್ಛತೆ ಎಂದರೆ ದಂಡೆಯನ್ನು ಅಂಗಳದಂತೆ ಗುಡಿಸುವುದಲ್ಲ: ಪ್ಲಾಸ್ಟಿಕ್, ಬಲೆಯ ತುಂಡು, ಗಾಜು ತೆಗೆಯಬೇಕು, ಬಳ್ಳಿಯನ್ನೂ ಅಲೆ ತಂದೊಗೆದ ಕಡಲಪಾಚಿಯನ್ನೂ ಮುಟ್ಟಬಾರದು. ಪಾಚಿ ಕೊಳೆತು ಇದೇ ಸಸ್ಯಗಳಿಗೆ ಗೊಬ್ಬರವಾಗುತ್ತದೆ.

ವಿದ್ಯಾರ್ಥಿಗಳ ಕೆಲಸ ಒಂದು ದಿನದ್ದು ಎಂಬ ಕಲ್ಪನೆ ಉಳಿದೆಲ್ಲ ತಪ್ಪುಗಳಿಗೂ ಎಡೆ ಮಾಡುತ್ತದೆ. ನೆಡುವ ದಿನ ನೂರು ಕೈಗಳಿರುತ್ತವೆ. ಸಸಿಗೆ ಸುತ್ತಿಕೊಂಡ ಪಾಚಿ, ಪ್ಲಾಸ್ಟಿಕ್ ಬಿಡಿಸುವುದಕ್ಕೆ, ದನ ಮೇಯದಂತೆ ಬೇಲಿ ನೋಡುವುದಕ್ಕೆ ಯಾರೂ ಸಿಗುವುದಿಲ್ಲ. ಸಮೀಪದ ಶಾಲೆಗೆ ಇದು ಸಲೀಸಾದ ಕೆಲಸ. ಗುರುತು ಹಾಕಿದ ಒಂದೇ ತುಂಡು ಜಾಗದಲ್ಲಿ ಬದುಕಿದ, ಸತ್ತ, ತಾನಾಗಿ ಹುಟ್ಟಿದ ಸಸಿಗಳನ್ನು ಪ್ರತಿ ವರ್ಷ ಬೇರೆ ಬೇರೆಯಾಗಿ ಎಣಿಸಿ ಪುಸ್ತಕವೊಂದರಲ್ಲಿ ಬರೆದಿಟ್ಟರೆ, ಮುಂದಿನ ಬ್ಯಾಚ್ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.