ಕುಂಡದ ಮಣ್ಣಿನ ಸಣ್ಣ ಕೀಟಗಳು: ಗುರುತಿಸುವ ಹಾಗೂ ನಿಯಂತ್ರಿಸುವ ವಿಧಾನ

(ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಮುಖ್ಯೋಪಾಧ್ಯಾಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರ ಮಾಹಿತಿಗಾಗಿ)

ಭಾತಂಬ್ರಾ ಸೇರಿದಂತೆ ಭಾಲ್ಕಿ ಹಾಗೂ ಔರಾದ್ ಭಾಗದ ಗ್ರಾಮಗಳಲ್ಲಿ ಜಾಗ ಕಡಿಮೆ ಇರುವ ಕಡೆ ತುಳಸಿ, ಕರಿಬೇವು, ಮೆಂತ್ಯ, ಟೊಮೆಟೊ, ಮೆಣಸಿನ ಗಿಡಗಳನ್ನು ಕುಂಡಗಳಲ್ಲಿ ಬೆಳೆಸಬಹುದಾಗಿದೆ. ಮಳೆಗಾಲದಲ್ಲಿ ಇಂತಹ ಕುಂಡಗಳ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುವುದು, ಮಣ್ಣಿನ ಮೇಲ್ಭಾಗದಲ್ಲಿ ಬಿಳಿ ಕಣಗಳಂತಹ ಜೀವಿಗಳು ಚಲಿಸುವುದು ಸಾಮಾನ್ಯ. ಆಗ ತೊಗರಿಗೆ ಅಥವಾ ಸೋಯಾಬೀನ್‌ಗೆ ತಂದಿಟ್ಟ ಔಷಧಿಯನ್ನೇ ಒಂದು ಚಿಟಿಕೆ ಕುಂಡಕ್ಕೂ ಹಾಕಿದರಾಯಿತು ಎಂಬ ಭಾವನೆ ಮೂಡಬಹುದು. ಆದರೆ ಕುಂಡದ ಮಣ್ಣಿನಲ್ಲಿ ಕಾಣುವ ಜೀವಿಗಳಲ್ಲಿ ಹೆಚ್ಚಿನವು ಗಿಡಕ್ಕೆ ಹಾನಿ ಮಾಡುವುದಿಲ್ಲ. ಹಾನಿ ಮಾಡುವ ಕೆಲವನ್ನು ವಿಷವಿಲ್ಲದೆಯೇ ಹತೋಟಿಗೆ ತರಬಹುದು. ಮೊದಲು ಗುರುತಿಸಿ, ನಂತರ ಕ್ರಮ ಕೈಗೊಳ್ಳುವುದು ಸರಿಯಾದ ವಿಧಾನ.

ಮೂಲ ಕಾರಣ: ನಿಂತ ತೇವ

ಈ ಭಾಗದ ಎರೆಮಣ್ಣು ಹೊಲದಲ್ಲಿ ವರದಾನವಾದರೂ ಕುಂಡದಲ್ಲಿ ತೊಂದರೆ ಕೊಡುತ್ತದೆ. ಅದರಲ್ಲಿನ ಜೇಡಿಯ ಅಂಶವು ನೀರು ಹೀರಿ ಉಬ್ಬುತ್ತದೆ ಮತ್ತು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಸದಾ ತೇವವಿರುವ ಮಣ್ಣಿನಲ್ಲಿ, ವಿಶೇಷವಾಗಿ ಅರ್ಧ ಕೊಳೆತ ಸಗಣಿ ಗೊಬ್ಬರ ಸೇರಿದ್ದರೆ, ಬೂಷ್ಟು ಬೆಳೆಯುತ್ತದೆ. ಬೂಷ್ಟನ್ನು ತಿನ್ನಲು ಕೀಟಗಳು ಬರುತ್ತವೆ.

ಇದೇ ಮಣ್ಣು ಪೂರ್ಣ ಒಣಗಿದಾಗ ಕುಗ್ಗಿ, ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಆ ಸಂದಿನಿಂದ ನೇರವಾಗಿ ಕೆಳಗೆ ಹರಿದುಹೋಗಿ ಬೇರಿಗೆ ತಲುಪುವುದಿಲ್ಲ. ಗಿಡ ಬಾಡಿತೆಂದು ಮತ್ತೆ ಮತ್ತೆ ನೀರು ಹಾಕಲಾಗುತ್ತದೆ. ತಳದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬೇರು ಕೊಳೆತರೂ ಎಲೆ ಹಳದಿಯಾಗಿ ಬಾಡುತ್ತದೆ. ಆದ್ದರಿಂದ ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ ಬೆರಳನ್ನು ಮಣ್ಣಿನೊಳಗೆ ಒಂದು ಅಂಗುಲ ಇಳಿಸಿ ನೋಡಬೇಕು. ಒಳಗೆ ತೇವವಿದ್ದರೆ ನೀರು ಬೇಡ.

ಗುರುತಿಸುವ ಬಗೆ

1. ಸಣ್ಣ ಕಪ್ಪು ನೊಣ (ಫಂಗಸ್ ನ್ಯಾಟ್): 2 ರಿಂದ 3 ಮಿ.ಮೀ. ಉದ್ದ, ಸೊಳ್ಳೆಯನ್ನು ಹೋಲುವ ಉದ್ದ ಕಾಲುಗಳು. ಕುಂಡ ಅಲುಗಾಡಿಸಿದಾಗ ಮೇಲೇಳುತ್ತದೆ. ನೊಣ ಕಚ್ಚುವುದಿಲ್ಲ, ಹಾನಿ ಮಾಡುವುದು ಮಣ್ಣಿನಲ್ಲಿರುವ ಅದರ ಮರಿಹುಳು. ಮರಿಹುಳುವಿನ ಮೈ ಪಾರದರ್ಶಕ, ತಲೆ ಮಾತ್ರ ಹೊಳೆಯುವ ಕಪ್ಪು. ಅದು ಎಳೆಯ ಬೇರನ್ನು ಕಡಿಯುವುದರಿಂದ ಸಸಿಗಳಿಗೆ ಅಪಾಯ ಹೆಚ್ಚು.

ಪರೀಕ್ಷೆ: ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಒತ್ತಿ ಇಡಬೇಕು. ಎರಡು ದಿನಗಳ ನಂತರ ಎತ್ತಿ ನೋಡಿದರೆ ಮರಿಹುಳುಗಳು ಅದರ ಅಡಿಯಲ್ಲಿ ಸೇರಿರುತ್ತವೆ.

2. ಜಿಗಿಯುವ ಬಿಳಿ ಅಥವಾ ಬೂದು ಕಣಗಳು (ಸ್ಪ್ರಿಂಗ್‌ಟೇಲ್): 1 ರಿಂದ 2 ಮಿ.ಮೀ. ಗಾತ್ರ, ರೆಕ್ಕೆ ಇಲ್ಲ. ನೀರು ಹಾಕಿದಾಗ ಪುಟಿಯುತ್ತವೆ. ಕೊಳೆತ ಕಸವನ್ನು ತಿಂದು ಗೊಬ್ಬರವಾಗಿಸುವ ಉಪಕಾರಿ ಜೀವಿಗಳಿವು. ಇವುಗಳಿಗೆ ಯಾವ ಔಷಧಿಯೂ ಬೇಡ. ಸಂಖ್ಯೆ ವಿಪರೀತವಾಗಿದ್ದರೆ ನೀರು ಹೆಚ್ಚಾಗಿದೆ ಎಂದು ತಿಳಿಯತಕ್ಕದ್ದು.

3. ಮಣ್ಣಿನ ನುಸಿ: ಸೂಜಿ ಮೊನೆಯಷ್ಟಿರುವ ಕಂದು ಅಥವಾ ಬಿಳಿ ಜೀವಿಗಳು, ನಿಧಾನವಾಗಿ ನಡೆಯುತ್ತವೆ. ಬಹುಪಾಲು ನಿರುಪದ್ರವಿ, ಕೆಲವು ಇತರ ಕೀಟಗಳನ್ನೇ ತಿನ್ನುತ್ತವೆ.

4. ಬೇರಿನ ಹಿಟ್ಟುತಿಗಣೆ: ಗಿಡವನ್ನು ಕುಂಡದಿಂದ ಹೊರತೆಗೆದಾಗ ಬೇರುಗಳ ಮೇಲೆ ಬಿಳಿ ಹಿಟ್ಟು ಅಂಟಿದಂತೆ ಕಾಣುತ್ತದೆ. ಇದು ರಸ ಹೀರುವ ಕೀಟ. ಇದರ ಸಿಹಿ ಅಂಟಿಗಾಗಿ ಇರುವೆಗಳು ಬರುವುದರಿಂದ, ಕುಂಡದಲ್ಲಿ ಇರುವೆಗಳ ಸಾಲು ಕಂಡರೆ ಬೇರನ್ನು ಪರೀಕ್ಷಿಸಬೇಕು.

5. ಬೇರುಗಂಟು ಜಂತುಹುಳು: ಬರಿಗಣ್ಣಿಗೆ ಕಾಣುವುದಿಲ್ಲ. ಟೊಮೆಟೊ, ಬದನೆ, ಬೆಂಡೆ ಗಿಡಗಳ ಬೇರುಗಳಲ್ಲಿ ಗಂಟುಗಳಿದ್ದರೆ ಇದೆ ಎಂದರ್ಥ. ತೊಗರಿ, ಹೆಸರು ಮುಂತಾದ ದ್ವಿದಳ ಸಸ್ಯಗಳ ಬೇರಿನಲ್ಲಿ ಸಹಜವಾಗಿರುವ ಸಾರಜನಕದ ಗಂಟುಗಳು ಉಗುರಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ರೋಗದ ಗಂಟು ಬೇರಿನ ಭಾಗವೇ ಆಗಿದ್ದು ಬಿಡಿಸಿಕೊಳ್ಳುವುದಿಲ್ಲ.

ನಿಯಂತ್ರಣ ಕ್ರಮಗಳು

ಕಪ್ಪು ನೊಣವಿದ್ದಲ್ಲಿ ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ನಂತರವೇ ನೀರು ಹಾಕಬೇಕು. ಮೇಲ್ಪದರವಾಗಿ ಅರ್ಧ ಅಂಗುಲ ಒಣ ಮರಳು ಹರಡಬೇಕು. ಹಳದಿ ರಟ್ಟಿಗೆ ಎಣ್ಣೆ ಅಥವಾ ಗ್ರೀಸ್ ಸವರಿ ಗಿಡದ ಪಕ್ಕ ನಿಲ್ಲಿಸಿದರೆ ನೊಣಗಳು ಅಂಟಿಕೊಳ್ಳುತ್ತವೆ. ಮೊಟ್ಟೆಯಿಂದ ನೊಣವಾಗಲು ಮೂರರಿಂದ ನಾಲ್ಕು ವಾರ ಬೇಕಾಗುವುದರಿಂದ ಈ ಕ್ರಮಗಳನ್ನು ಕನಿಷ್ಠ ನಾಲ್ಕು ವಾರ ಮುಂದುವರಿಸತಕ್ಕದ್ದು. ಒಂದು ವಾರಕ್ಕೆ ನಿಲ್ಲಿಸಿದರೆ ಹೊಸ ಪೀಳಿಗೆ ಹೊರಬರುತ್ತದೆ.

ಹಿಟ್ಟುತಿಗಣೆ ಇದ್ದಲ್ಲಿ ಬೇರನ್ನು ನೀರಿನಲ್ಲಿ ತೊಳೆದು, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಕೆಲವು ಹನಿ ದ್ರವ ಸಾಬೂನು ಬೆರೆಸಿದ ದ್ರಾವಣದಲ್ಲಿ ಅದ್ದಿ, ಹೊಸ ಮಣ್ಣಿನಲ್ಲಿ ನೆಡಬೇಕು. ಬೇರುಗಂಟು ಇದ್ದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು; ಗೊಬ್ಬರದ ಗುಂಡಿಗೆ ಹಾಕಬಾರದು.

ಹಳೆಯ ಮಣ್ಣನ್ನು ಬಿಸಾಡಬೇಕಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ನಮ್ಮ ಜಿಲ್ಲೆಯಲ್ಲಿ ಉಚಿತವಾಗಿ ದೊರೆಯುವ ಔಷಧಿ. ಮಣ್ಣನ್ನು ಸ್ವಲ್ಪ ತೇವಗೊಳಿಸಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಅಂಚು ಬಿಡದಂತೆ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಮಣ್ಣನ್ನು ಹೆಚ್ಚು ಬಿಸಿ ಮಾಡುತ್ತದೆ. ನಂತರ ಒಂದು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ಣ ಕೊಳೆತ ಗೊಬ್ಬರ ಸೇರಿಸಿ, ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಕುಂಡದ ತಳದಲ್ಲಿ ರಂಧ್ರ ಇರಲೇಬೇಕು.

ಹೊಲದ ಕೀಟನಾಶಕ ಏಕೆ ಬೇಡ

ಒಂದು ಹೆಕ್ಟೇರ್ ಹೊಲದ 15 ಸೆಂ.ಮೀ. ಆಳದ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಕುಂಡದ ಮಣ್ಣು ಸುಮಾರು 10 ಕಿಲೋ. ಕುಂಡಕ್ಕೆ ಒಂದು ಚಮಚ, ಅಂದರೆ 5 ಗ್ರಾಂ ಹರಳು ಔಷಧಿ ಹಾಕುವುದು ಹೆಕ್ಟೇರಿಗೆ 1,000 ಕಿಲೋ, ಅಂದರೆ 10 ಕ್ವಿಂಟಾಲ್ ಸುರಿದಂತಾಗುತ್ತದೆ. ಹೊಲಕ್ಕೆ ಹಾಕುವ ಪ್ರಮಾಣ ಹೆಕ್ಟೇರಿಗೆ ಕೆಲವು ಹತ್ತು ಕಿಲೋಗಳು ಮಾತ್ರ. ಈ ಕುಂಡದ ಸೊಪ್ಪನ್ನು ಮಕ್ಕಳ ಸಾರಿಗೆ ಹಾಕಿದರೆ ಆಗುವ ಪರಿಣಾಮವನ್ನು ಊಹಿಸಬಹುದು. ಹರಳು ರೂಪದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಫೋರೇಟ್ ಅನ್ನು ಕೇಂದ್ರ ಸರ್ಕಾರವು 31 ಡಿಸೆಂಬರ್ 2020ರಿಂದ ಸಂಪೂರ್ಣವಾಗಿ ನಿಷೇಧಿಸಿದೆ. ಮನೆಯಲ್ಲಿ ಹಳೆಯ ದಾಸ್ತಾನು ಉಳಿದಿದ್ದರೂ ಬಳಸುವಂತಿಲ್ಲ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತಪಟ್ಟರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೊಟೊಫಾಸ್ ಕೀಟನಾಶಕ ಬೆರೆತಿತ್ತು. ಕೀಟನಾಶಕವಾಗಲಿ ಅದರ ಖಾಲಿ ಡಬ್ಬಿಯಾಗಲಿ ಅಂಗನವಾಡಿ ಅಥವಾ ಶಾಲೆಯ ಆವರಣವನ್ನು ಪ್ರವೇಶಿಸಬಾರದು. ಖಾಲಿ ಡಬ್ಬಿಯಲ್ಲಿ ಗಿಡ ನೆಡುವುದನ್ನೂ, ನೀರು ಹಾಕುವುದನ್ನೂ ಮಾಡಬಾರದು.

ಕುಂಡದ ಅಡಿಯ ತಟ್ಟೆ

ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡುವ ಜಾಗ. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಒಳಗೋಡೆಯನ್ನು ಉಜ್ಜಿ ಒಣಗಿಸಬೇಕು.

ಈ ಕ್ರಮಗಳಿಂದ ಹತೋಟಿಗೆ ಬಾರದಿದ್ದಲ್ಲಿ, ಬೇರುಸಹಿತ ಗಿಡದ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕು ತೋಟಗಾರಿಕೆ ಇಲಾಖೆ ಅಥವಾ ಬೀದರ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲಿಯೇ ಮಾಹಿತಿ ದೊರೆಯುತ್ತದೆ. ಮಕ್ಕಳು ಕೀಟನಾಶಕ ಮುಟ್ಟಿದ ಅಥವಾ ಸೇವಿಸಿದ ಅನುಮಾನ ಬಂದಲ್ಲಿ ತಕ್ಷಣ 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಲು ಜೊತೆಗೆ ಕೊಂಡೊಯ್ಯತಕ್ಕದ್ದು.